ಜಪಾನಿನ ಆನಿಮೆ: ಹೊಸಬರು ಎಲ್ಲಿಂದ ಆರಂಭಿಸಬೇಕು?

ತೊಂಬತ್ತರ ದಶಕದ ಭಾನುವಾರಗಳಲ್ಲಿ ದೂರದರ್ಶನದಲ್ಲಿ ಹಿಂದಿಯಲ್ಲಿ ಬರುತ್ತಿದ್ದ 'ಜಂಗಲ್ ಬುಕ್' ನಿಮಗೆ ನೆನಪಿರಬಹುದು. ಗುಲ್ಜಾರರ ಶೀರ್ಷಿಕೆ ಗೀತೆಯಿಂದಾಗಿ ಮೊಗ್ಲಿ ನಮ್ಮ ಮನೆಯ ಹುಡುಗನೇ ಆಗಿಬಿಟ್ಟಿದ್ದ. ಆದರೆ ಆ ಧಾರಾವಾಹಿ ಜಪಾನಿನದು. ಅಲ್ಲಿ 1989ರಲ್ಲಿ ಪ್ರಸಾರ ಆರಂಭಿಸಿತ್ತು. ಹಾಗಾಗಿ 'ಆನಿಮೆ' ಎಂಬ ಹೆಸರು ನಿಮಗೆ ಹೊಸದಿರಬಹುದು, ನೋಟ ಹೊಸದಲ್ಲ.

ಜಪಾನಿನ ಕಿರುತೆರೆಯಲ್ಲಿ ಇದರ ಕಥೆ ನಿಜವಾಗಿ ಕುದುರಿದ್ದು 1963ರ ಜನವರಿ 1ರಂದು. ವೈದ್ಯಶಾಸ್ತ್ರ ಓದಿ ಚಿತ್ರಕಥೆಗಾರರಾದ ಒಸಾಮು ತೆಜುಕಾ ಅವರ 'ತೆತ್ಸುವಾನ್ ಆತೊಮು' ಅಂದು ಫುಜಿ ಟೆಲಿವಿಷನ್‌ನಲ್ಲಿ ಆರಂಭವಾಯಿತು. ಮಗನನ್ನು ಕಳೆದುಕೊಂಡ ವಿಜ್ಞಾನಿಯೊಬ್ಬ ಅವನದೇ ರೂಪದ ಯಂತ್ರಬಾಲಕನನ್ನು ಮಾಡುತ್ತಾನೆ. ಅದು ಬೆಳೆಯುವುದಿಲ್ಲವೆಂದು ತಿಳಿದಾಗ ಸರ್ಕಸ್ಸಿಗೆ ಮಾರಿಬಿಡುತ್ತಾನೆ! ಮಕ್ಕಳ ಕಾರ್ಯಕ್ರಮಕ್ಕೆ ಇದು ಸಣ್ಣ ವಸ್ತುವೇನಲ್ಲ.

ಪ್ರತಿ ವಾರ ಅರ್ಧ ಗಂಟೆಯ ಕಂತು ಸಿದ್ಧವಾಗಬೇಕಿತ್ತು. ಫಿಲ್ಮಿನಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಪ್ರತಿಯೊಂದಕ್ಕೂ ಹೊಸ ಚಿತ್ರ ಬರೆಯುತ್ತ ಕುಳಿತರೆ ವಾರವಲ್ಲ, ತಿಂಗಳುಗಳೂ ಸಾಲವು. ತೆಜುಕಾ ತಂಡ ಒಂದೇ ಚಿತ್ರವನ್ನು ಮೂರು ಚೌಕಟ್ಟುಗಳಿಗೆ ಬಳಸಿತು. ಅಂದರೆ ಸೆಕೆಂಡಿಗೆ 8 ಚಿತ್ರ, ಕೆಲವೊಮ್ಮೆ ಇನ್ನೂ ಕಡಿಮೆ. ಮುಖ ಸ್ಥಿರ, ಬಾಯಿ ಮಾತ್ರ ಚಲನೆ. ಹಾರುವ ದೃಶ್ಯ ಒಮ್ಮೆ ಬರೆದರೆ ಹತ್ತು ಕಂತುಗಳಿಗೆ ಆಯಿತು. ಬಜೆಟ್ಟಿನೊಡನೆ ಹೆಣಗುವ ನಮ್ಮಂಥ ನಿರ್ಮಾಪಕರಿಗೆ ಈ ಜಾಣತನ ಚೆನ್ನಾಗಿ ಅರ್ಥವಾಗುತ್ತದೆ. ಚಲನೆ ಕಡಿಮೆಯಾದಾಗ ಕಥೆ, ಧ್ವನಿ, ಸಂಕಲನಗಳೇ ಭಾರ ಹೊರಬೇಕಾಯಿತು. ಆನಿಮೆಯ ಗುಣ ಹುಟ್ಟಿದ್ದು ಈ ಬಡತನದಿಂದ ಎಂಬುದು ನನ್ನ ಅಭಿಪ್ರಾಯ. ಆದರೆ ಕಂತುಗಳನ್ನು ಅಗ್ಗಕ್ಕೆ ಮಾರಿದ ಆ ಪದ್ಧತಿಯನ್ನು ಹಯಾವೊ ಮಿಯಾಝಾಕಿ ಮುಂದೆ ಕಟುವಾಗಿ ಟೀಕಿಸಿದರು.

ಮಿಯಾಝಾಕಿ ಮತ್ತು ಇಸಾವೊ ತಕಾಹಾತಾ ಅವರ ಘಿಬ್ಲಿ ಸಂಸ್ಥೆ ಹುಟ್ಟಿದ್ದು 1985ರಲ್ಲಿ. 1988ರ ಏಪ್ರಿಲ್ 16ರಂದು ಅದು ಎರಡು ಚಿತ್ರಗಳನ್ನು ಒಂದೇ ಪ್ರದರ್ಶನದಲ್ಲಿ ಜೋಡಿಸಿ ಬಿಡುಗಡೆ ಮಾಡಿತು. ಮಿಯಾಝಾಕಿಯವರ 'ಮೈ ನೇಬರ್ ತೊತೊರೊ'ದಲ್ಲಿ ತಾಯಿ ಆಸ್ಪತ್ರೆಯಲ್ಲಿರುವಾಗ ಇಬ್ಬರು ಅಕ್ಕತಂಗಿಯರು ಹಳ್ಳಿಯ ಮರದ ಬುಡದಲ್ಲಿ ವಿಚಿತ್ರ ಗೆಳೆಯನೊಬ್ಬನನ್ನು ಕಾಣುತ್ತಾರೆ. ಖಳನಾಯಕನೇ ಇಲ್ಲ. ನೀವು ಇದರಿಂದಲೇ ಆರಂಭಿಸಿ.

ತಕಾಹಾತಾ ಅವರ 'ಗ್ರೇವ್ ಆಫ್ ದಿ ಫೈರ್‌ಫ್ಲೈಸ್' 1945ರ ಕೋಬೆ ನಗರದ ಬಾಂಬ್ ದಾಳಿಯಲ್ಲಿ ಅನಾಥರಾದ ಅಣ್ಣ ತಂಗಿಯರದು. ಅಣ್ಣ ಸಾಯುತ್ತಾನೆಂದು ಮೊದಲ ದೃಶ್ಯದಲ್ಲೇ ಹೇಳಿಬಿಡುತ್ತಾರೆ; ಆದರೂ ಕೊನೆಯವರೆಗೆ ನಿಮ್ಮ ಮನಸ್ಸು ಒಪ್ಪುವುದಿಲ್ಲ. ಕಾರ್ಟೂನಲ್ಲವೇ ಎಂದು ಇದನ್ನು ಹಾಕಿಕೊಟ್ಟು, ಮಕ್ಕಳನ್ನು ಅದರ ಮುಂದೆ ಕೂರಿಸಿ ಅಡುಗೆಮನೆಗೆ ಹೋಗಬೇಡಿ. ಮೊದಲು ನೀವು ನೋಡಿ.

ಬಳಿಕ 2001ರ 'ಸ್ಪಿರಿಟೆಡ್ ಅವೇ', ಅದಕ್ಕೆ 2003ರಲ್ಲಿ ಆಸ್ಕರ್ ಬಂದಿತು.

ಮನೆಯಲ್ಲಿ ಅಜ್ಜ ಅಜ್ಜಿಯರಿದ್ದರೆ ಇನ್ನೊಂದು ದಾರಿಯಿದೆ. ಯುಗೊ ಸಾಕೊ, ನಮ್ಮ ರಾಮ್ ಮೋಹನ್ ಮೊದಲಾದವರು ಸೇರಿ ಮಾಡಿದ ರಾಮಾಯಣದ ಆನಿಮೆ 'ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ' 2025ರ ಜನವರಿಯಲ್ಲಿ ಭಾರತದ ಚಿತ್ರಮಂದಿರಗಳಿಗೆ ಬಂದಿತು. ಕಥೆ ಅವರಿಗೆ ಗೊತ್ತು. ಚಿತ್ರ ಚಲಿಸುವ ರೀತಿಯನ್ನು ನೀವು ಅವರಿಗೆ ವಿವರಿಸಬಹುದು.