ಕಡಲ ತಳದ ಠೇವು

ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಇತಿಹಾಸದ ಒಂದು ಲೇಖನ ಬರೆದು ಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ‘ಕಡಲ ಮೀನುಗಾರಿಕೆಯ ಬಗ್ಗೆ ಬರೆಯುತ್ತೇನೆ’ ಎಂದೆ. ಎಲ್ಲರೂ ನಕ್ಕರು. ‘ಸರ, ನಮ್ಮೂರು ಮಚ್ಛೆ ಅನ್ನೂದ ಖರೆ, ಆದರ ಸಮುದ್ರ ಎಲ್ಲೈತ್ರಿ?’ ಎಂದರು ಒಬ್ಬರು. ಊರ ಹೆಸರು ಕೇಳಿದ ಕೂಡಲೇ ಹೊರಗಿನವರಿಗೆ ಮೀನಿನ ನೆನಪಾಗುವುದು ಹೊಸದಲ್ಲ. ಆ ಹೆಸರಿನ ಮೂಲ ಮೀನೇ ಎಂದು ನಾನು ಹೇಳುತ್ತಿಲ್ಲ. ಆದರೆ ಕಡಲು ನಾವು ತಿಳಿದಷ್ಟು ದೂರವೇನೂ ಇಲ್ಲ. ನಮ್ಮ ಪಕ್ಕದ ಖಾನಾಪುರ ತಾಲೂಕಿನಲ್ಲಿ ಹುಟ್ಟುವ ಮಹಾದಾಯಿ ನದಿ ಪಶ್ಚಿಮಕ್ಕೆ ಹರಿದು ಅರಬ್ಬೀ ಸಮುದ್ರ ಸೇರುತ್ತದೆ. ಖಾನಾಪುರ, ರಾಮನಗರ, ಜೋಯಿಡಾ ದಾಟಿ ಘಟ್ಟ ಇಳಿದರೆ ಕಾರವಾರ. ಬೆಳಗಾವಿಯ ಮೀನು ಪೇಟೆಗೆ ಮಂಜುಗಡ್ಡೆಯಲ್ಲಿ ಬರುವ ಬಂಗಡೆ, ಶೆಟ್ಲಿಗಳೂ ಘಟ್ಟದ ಕೆಳಗಿನವೇ.

ಕೆಲವು ವರ್ಷಗಳ ಹಿಂದೆ ಮೇ ತಿಂಗಳಲ್ಲಿ ನಾವು ಊರಿನ ಆರು ಮಂದಿ ಕಾರವಾರಕ್ಕೆ ಹೋಗಿದ್ದೆವು. ಅಲ್ಲಿ ಒಂದು ಯಂತ್ರದ ದೋಣಿಯನ್ನು ದಿನದ ಬಾಡಿಗೆಗೆ ಹಿಡಿದು ಗಾಳ ಹಾಕಲು ಕಡಲಿಗೆ ಇಳಿದೆವು. ಬೇಸಿಗೆಯಲ್ಲಿ, ಮಳೆಗಾಲ ಹತ್ತುವ ಮುಂಚೆ, ಕಡಲು ಶಾಂತವಾಗಿರುತ್ತದೆ. ನಮ್ಮಂಥ ಘಟ್ಟದ ಮೇಲಿನವರಿಗೆ ಅದೇ ಸರಿಯಾದ ಕಾಲ. ದಂಡೆಯ ಒಂದು ಗುಡ್ಡದ ತುದಿಯನ್ನೂ ಅದರ ಹಿಂದಿನ ಇನ್ನೊಂದು ಗುಡ್ಡವನ್ನೂ ಒಂದೇ ಗೆರೆಗೆ ತಂದುಕೊಂಡು ದೋಣಿಯ ಯಜಮಾನರು ಲಂಗರು ಬಿಟ್ಟರು. ನೀರಿನ ಕೆಳಗೆ ಅಲ್ಲಿ ಕಲ್ಲು ಇದೆಯಂತೆ. ನಮ್ಮ ಕಣ್ಣಿಗೆ ಎಲ್ಲಾ ಕಡೆ ಒಂದೇ ನೀರು! ದಾರಕ್ಕೆ ಸೀಸದ ಗುಂಡು ಕಟ್ಟಿ, ಗಾಳಕ್ಕೆ ಶೆಟ್ಲಿಯ ಚೂರು ಚುಚ್ಚಿ ಬಿಟ್ಟರೆ ದಾರ ಇಳಿಯುತ್ತಲೇ ಹೋಯಿತು. ಗುಂಡು ತಳ ಮುಟ್ಟಿದ್ದು ಬೆರಳಿಗೆ ತಿಳಿಯಿತು.

ಎರಡು ತಾಸಿನಲ್ಲಿ ಒಳ್ಳೆಯ ಮೀನು ಸಿಕ್ಕವು. ನಮಗೆ ಹುರುಪು ಬಂತು. ಅಷ್ಟರಲ್ಲಿ ಯಜಮಾನರು ಲಂಗರು ಎತ್ತಿದರು. ‘ಬಾಡಿಗಿ ಪೂರಾ ಕೊಟ್ಟೇವಿ, ಇನ್ನೊಂದ ತಾಸ ಇಲ್ಲೇ ನಿಲ್ಲಸ್ರಿ’ ಎಂದು ನಾನೇ ತಕರಾರು ತೆಗೆದೆ. ಅವರು ಸಿಟ್ಟಾಗಲಿಲ್ಲ. ‘ಬಾಡಿಗೆ ಕೊಟ್ಟದ್ದು ದೋಣಿಗೆ, ಕಲ್ಲಿಗಲ್ಲ’ ಎಂದಷ್ಟೇ ಹೇಳಿ ದೋಣಿ ತಿರುಗಿಸಿದರು. ಆಗ ನನಗೆ ಅದು ಮೊಂಡುತನವೆನ್ನಿಸಿತು. ಆಮೇಲೆ ಈ ವಿಷಯವನ್ನು ಓದುತ್ತ ಹೋದಂತೆ, ಕರಾವಳಿಯ ಒಂದು ದೊಡ್ಡ ಇತಿಹಾಸವೇ ಆ ಮಾತಿನಲ್ಲಿದೆ ಎಂದು ತಿಳಿಯಿತು.

ಮೇಲಿನ ಮೀನು, ತಳದ ಮೀನು

ಕಡಲ ಮೀನುಗಳಲ್ಲಿ ಸ್ಥೂಲವಾಗಿ ಎರಡು ಬಗೆ. ಬಂಗಡೆ, ತಾರ್ಲೆಗಳು ನೀರಿನ ಮೇಲ್ಭಾಗದಲ್ಲಿ ಹಿಂಡು ಹಿಂಡಾಗಿ ತಿರುಗುತ್ತವೆ, ಬೇಗ ಬೆಳೆಯುತ್ತವೆ, ಬೇಗ ಮರಿಯಿಡುತ್ತವೆ. ಕಲ್ಲುಗಳ ಸಂದಿಯ ಮುರು ಮೀನು, ಕೆಂಪು ಚೆಂಬೇರಿ, ಕೆಸರು ನೆಲದ ನಂಗ, ಮೀಸೆಯ ಶೇಡೆ ಮುಂತಾದವು ತಳದ ಆಸರೆಯಲ್ಲಿ ಬಾಳುವಂಥವು. ಇವುಗಳಲ್ಲಿ ದೊಡ್ಡ ಜಾತಿಗಳು ನಿಧಾನವಾಗಿ ಬೆಳೆಯುತ್ತವೆ. ಮುರು ಮೀನಿನ ಬಹುತೇಕ ಜಾತಿಗಳದ್ದು ಇನ್ನೊಂದು ವಿಚಿತ್ರ. ಅವು ಮೊದಲು ಹೆಣ್ಣಾಗಿ ಬೆಳೆದು, ದೊಡ್ಡದಾದ ಮೇಲೆ ಗಂಡಾಗುತ್ತವೆ. ಆದ್ದರಿಂದ ಒಂದು ಕಲ್ಲಿನ ಮೇಲಿನ ದೊಡ್ಡ ದೊಡ್ಡ ಮೀನುಗಳನ್ನೆಲ್ಲ ಒಂದೇ ಸಮನೆ ಎತ್ತಿದರೆ, ಆ ಜಾಗದಲ್ಲಿ ಗಂಡೇ ಉಳಿಯದ ಪ್ರಸಂಗ ಬರುತ್ತದೆ.

ಸಣ್ಣದನ್ನು ತಿರುಗಿ ಬಿಟ್ಟರಾಯಿತಲ್ಲ ಎನ್ನಬಹುದು. ಅದೂ ಸುಲಭವಲ್ಲ. ಆಳದಿಂದ ಭರ್ರನೆ ಎಳೆದಾಗ ನೀರಿನ ಒತ್ತಡ ಕಡಿಮೆಯಾಗಿ ಮೀನಿನ ಹೊಟ್ಟೆಯೊಳಗಿನ ಗಾಳಿಚೀಲ ಉಬ್ಬುತ್ತದೆ. ಬಿಟ್ಟರೂ ಕೆಳಗೆ ಇಳಿಯಲಾರದೆ ಹೊಟ್ಟೆ ಮೇಲಾಗಿ ತೇಲುತ್ತದೆ, ಹದ್ದು ಗದ್ದುಗಳ ಪಾಲಾಗುತ್ತದೆ. ಅಂದರೆ ತಳದ ಮೀನುಗಾರಿಕೆಯಲ್ಲಿ ವಿವೇಕವನ್ನು ಗಾಳ ಬಿಡುವ ಮುಂಚೆಯೇ ತೋರಿಸಬೇಕು. ಎತ್ತಿದ ಮೇಲೆ ಪಶ್ಚಾತ್ತಾಪಪಟ್ಟು ಉಪಯೋಗವಿಲ್ಲ.

ಯಂತ್ರ ಬಂದ ಮೇಲೆ

ಹಿಂದಿನ ಕಾಲದಲ್ಲಿ ಈ ವಿವೇಕವನ್ನು ಬಡತನವೇ ಕಲಿಸುತ್ತಿತ್ತು. ಹರಿಕಂತ್ರ, ಅಂಬಿಗ, ಖಾರ್ವಿ, ಮೊಗವೀರ ಬಂಧುಗಳ ಹುಟ್ಟಿನ ದೋಣಿ ಹೋಗುವಷ್ಟು ದೂರ ಹೋಗುತ್ತಿತ್ತು, ಕೈಗಾಳಕ್ಕೆ ಸಿಕ್ಕಷ್ಟು ಸಿಗುತ್ತಿತ್ತು. ದಂಡೆಯಿಂದ ಎಳೆಯುವ ರಂಪಣಿ ಬಲೆ ಮಾತ್ರ ದೊಡ್ಡದು. ಅದು ಮುಖ್ಯವಾಗಿ ಬಂಗಡೆ, ತಾರ್ಲೆಗಳಿಗೆ. ಹತ್ತಾರು ಮನೆಯವರು ಕೂಡಿ ಬಲೆ ಮಾಡಿ, ಕೂಡಿ ಎಳೆದು, ಬಂದದ್ದನ್ನು ಪಾಲು ಹಾಕಿಕೊಳ್ಳುತ್ತಿದ್ದರು. ರಿಜಿಸ್ಟರ್ ಆಗದಿದ್ದರೂ ಅದು ಸಹಕಾರಿ ಸಂಘವೇ ಅಲ್ಲವೇ?

ಸ್ವಾತಂತ್ರ್ಯದ ನಂತರ ಯಂತ್ರದ ಯುಗ ಬಂತು. ನಾರ್ವೆ ದೇಶದ ನೆರವಿನಿಂದ ಕೇರಳದಲ್ಲಿ ಆರಂಭವಾದ ಮೀನುಗಾರಿಕಾ ಯೋಜನೆ 1960ರ ದಶಕದಲ್ಲಿ ಕಾರವಾರಕ್ಕೂ ವಿಸ್ತರಿಸಿತು. ಕಡಲ ತಳವನ್ನು ಬಾಚಿಕೊಂಡು ಹೋಗುವ ಟ್ರಾಲ್ ಬಲೆ ಬಳಕೆಗೆ ಬಂತು. ಸಿಗಡಿಗೆ ಪರದೇಶದಲ್ಲಿ ಬೆಲೆ ಬಂದು ಬಂದರುಗಳು ಬೆಳೆದವು, ಸಾವಿರಾರು ಕುಟುಂಬಗಳಿಗೆ ಅನ್ನ ಸಿಕ್ಕಿತು. ಇದನ್ನು ಮರೆಯಬಾರದು. ಆದರೆ ಬಾಚುವ ಬಲೆ ಸಿಗಡಿಯನ್ನಷ್ಟೇ ಆರಿಸಿ ತರುವುದಿಲ್ಲ. ತಳದಲ್ಲಿದ್ದ ಮರಿ, ಕಸ, ಏಡಿ ಎಲ್ಲವೂ ಮೇಲೆ ಬರುತ್ತವೆ. ಮುಂದೆ ಬೋಟುಗಳು ಹಲವು ದಿನ ಕಡಲಲ್ಲೇ ಉಳಿದು ಇನ್ನೂ ಆಳಕ್ಕೆ ಹೋಗತೊಡಗಿದವು. ಪೇಟೆಗೆ ಬೇಡವಾದ ಮರಿಮೀನಿಗೆ ಮೀನುಹುಡಿ ಕಾರ್ಖಾನೆಗಳಲ್ಲಿ ಗಿರಾಕಿ ಸಿಕ್ಕಿತು.

ಶೇಡೆ ಮೀನಿನ ಕಥೆ

ಇದರಲ್ಲಿ ಶೇಡೆ ಮೀನಿನ ಕಥೆ ನಾವೆಲ್ಲ ತಿಳಿಯಬೇಕಾದದ್ದು. ಈ ಜಾತಿಯಲ್ಲಿ ಹೆಣ್ಣು ಇಟ್ಟ ತತ್ತಿಗಳನ್ನು ಗಂಡು ತನ್ನ ಬಾಯಲ್ಲಿ ಇಟ್ಟುಕೊಂಡು ಕಾಯುತ್ತದೆ. ಮರಿ ಹೊರಬೀಳುವವರೆಗೆ ಅದಕ್ಕೆ ಊಟವಿಲ್ಲ. ತತ್ತಿ ದೊಡ್ಡವು, ಆದ್ದರಿಂದ ಲೆಕ್ಕದಲ್ಲಿ ಕಡಿಮೆ. ಬೇರೆ ಮೀನು ಲಕ್ಷಗಟ್ಟಲೆ ತತ್ತಿ ಬಿಟ್ಟು ದೈವಕ್ಕೆ ಒಪ್ಪಿಸಿದರೆ, ಶೇಡೆ ಮೀನು ಕೆಲವನ್ನೇ ಇಟ್ಟು ಉಪವಾಸವಿದ್ದು ಸಾಕುತ್ತದೆ.

1970ರ ದಶಕದ ಮಧ್ಯದಲ್ಲಿ ನಮ್ಮ ಕರಾವಳಿಗೆ ಪರ್ಸಿನ್ ಬಲೆ ಬಂತು. ಇಡೀ ಹಿಂಡನ್ನು ಸುತ್ತುವರಿದು ಕೆಳಗಿನಿಂದ ಚೀಲದಂತೆ ಬಿಗಿಯುವ ಬಲೆ ಅದು. ಶೇಡೆ ಹಿಂಡುಗಳು ತಳ ಬಿಟ್ಟು ಮೇಲೆ ಬಂದಾಗ ಈ ಬಲೆಗೆ ಸಿಕ್ಕವು. ಬಾಯಲ್ಲಿ ತತ್ತಿ ಹೊತ್ತ ಗಂಡುಗಳೂ ರಾಶಿ ರಾಶಿಯಾಗಿ ಬಂದರಿಗೆ ಬಂದವು. ತತ್ತಿಗಳು ಬಾಯಿಂದ ಉದುರಿ ಹಾಳಾದವು. ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇದು ಅಪಾಯವೆಂದು ಬರೆದು ಎಚ್ಚರಿಸಿದರು. ಕೆಲವು ವರ್ಷ ಎಲ್ಲರಿಗೂ ಒಳ್ಳೆಯ ಗಳಿಕೆಯಾಯಿತು. ಆಮೇಲೆ ನಮ್ಮ ಕರಾವಳಿಯಲ್ಲಿ ಶೇಡೆಯ ಹುಟ್ಟುವಳಿಯೇ ಕುಸಿದುಹೋಯಿತು. ಕಡಲಿಗೆ ವೈರಿಗಳು ಬಂದು ಲೂಟಿ ಮಾಡಲಿಲ್ಲ. ‘ನಾ ಬಿಟ್ಟರ ಇನ್ನೊಬ್ಬ ಹಿಡೀತಾನ’ ಎಂದು ಪ್ರತಿಯೊಬ್ಬನೂ ಯೋಚಿಸಿದ, ಅಷ್ಟೇ ಸಾಕಾಯಿತು.

ಕಟ್ಟಳೆಯ ಕಾಲ

1986ರಲ್ಲಿ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಬಂತು. ಮಳೆಗಾಲದಲ್ಲಿ ಯಂತ್ರದ ಬೋಟುಗಳಿಗೆ ರಜೆ ಕಡ್ಡಾಯವಾಯಿತು. ಈಗ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ. ಅನೇಕ ಜಾತಿಯ ಮೀನು ಮರಿಯಿಡುವ ಕಾಲವದು. ಎರಡು ಬೋಟು ಕೂಡಿ ಎಳೆಯುವ ಬುಲ್ ಟ್ರಾಲಿಂಗ್, ರಾತ್ರಿ ಪ್ರಖರ ದೀಪ ಹಾಕಿ ಮೀನು ಸೆಳೆಯುವ ಪದ್ಧತಿಗಳ ಮೇಲೂ ನಿಷೇಧ ಬಂದಿದೆ. ಕಾಯ್ದೆ ಕಾಗದದಲ್ಲಿ ಉಳಿಯುವುದೋ ನೀರಿಗೆ ಇಳಿಯುವುದೋ ಎಂಬುದು ಮಾತ್ರ ಬೋಟಿನವರ ಒಗ್ಗಟ್ಟಿನ ಮೇಲಿದೆ.

ಇದು ನಮ್ಮ ದೇಶದ ಕಥೆ ಮಾತ್ರವಲ್ಲ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೇಸಿಗೆ ಬಂತೆಂದರೆ ಜನ ಬಾಡಿಗೆ ದೋಣಿಗಳಲ್ಲಿ ತಳದ ಮೀನು ಹಿಡಿಯಲು ಹೋಗುವುದು ದೊಡ್ಡ ಉದ್ಯೋಗವೇ ಆಗಿದೆ. ಅಲ್ಲಿಯ ರಾಕ್‌ಫಿಶ್‌ ಎಂಬ ಬಂಡೆಮೀನುಗಳಲ್ಲಿ ನೂರು ವರ್ಷ ದಾಟಿ ಬಾಳುವ ಜಾತಿಗಳಿವೆ. ದೊಡ್ಡ ಬೋಟುಗಳೂ ಹವ್ಯಾಸಿಗಳೂ ಸೇರಿ ಹಿಡಿದು ಹಿಡಿದು, 2000ನೇ ಇಸವಿಯಲ್ಲಿ ಅಲ್ಲಿಯ ಸರಕಾರ ತಳದ ಮೀನುಗಾರಿಕೆ ಸಂಕಷ್ಟಕ್ಕೆ ಸಿಕ್ಕಿದೆ ಎಂದು ಘೋಷಿಸಬೇಕಾಯಿತು. ವಿಶಾಲ ಪ್ರದೇಶಗಳನ್ನು ಮುಚ್ಚಿದರು. ಒಬ್ಬನಿಗೆ ದಿನಕ್ಕೆ ಇಷ್ಟೇ ಮೀನು ಎಂಬ ಮಿತಿಯನ್ನು ಬಿಗಿಗೊಳಿಸಿದರು. ಗಾಳಿಚೀಲ ಉಬ್ಬಿದ ಮೀನನ್ನು ತೂಕ ಕಟ್ಟಿ ಮತ್ತೆ ಆಳಕ್ಕಿಳಿಸಿ ಬಿಡುವ ಸಲಕರಣೆ ಬಂತು. ಬಾಡಿಗೆ ದೋಣಿಯವರಿಗೆ ಬಹಳ ನಷ್ಟವಾಯಿತು. ಆದರೆ ಹದಿನೈದು ವರ್ಷ ಕಾದದ್ದಕ್ಕೆ ಫಲ ಸಿಕ್ಕಿತು. 2015ರಲ್ಲಿ ಒಂದು ಜಾತಿ, 2017ರಲ್ಲಿ ಇನ್ನೊಂದು ಜಾತಿ ಚೇತರಿಸಿಕೊಂಡಿವೆ ಎಂದು ಸಾರಿದರು. ಕಾದರೆ ಕಡಲು ತಿರುಗಿ ಕೊಡುತ್ತದೆ ಎನ್ನುವುದಕ್ಕೆ ಇದು ಸಾಕ್ಷಿ.

ನಮ್ಮ ಸಂಘಕ್ಕೆ ಇದರಿಂದ ಏನು?

ಸಭಾಸದ ಬಂಧುಗಳೇ, 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಶ್ರೀ ಸಿದ್ಧನಗೌಡ ಪಾಟೀಲರು ಮೊದಲ ಸಹಕಾರಿ ಸಂಘ ಕಟ್ಟಿದಂದಿನಿಂದ ನಮ್ಮ ಚಳವಳಿಯ ಸೂತ್ರ ಒಂದೇ. ಠೇವು ಎಲ್ಲರದು. ಬಡ್ಡಿಯಲ್ಲಿ ಬಾಳಬೇಕು, ಅಸಲು ಮುಟ್ಟಬಾರದು. ಕಡಲ ತಳವೂ ಅಂಥದೇ ಒಂದು ಠೇವು. ವ್ಯತ್ಯಾಸವೆಂದರೆ ಅದಕ್ಕೆ ಪಾಸ್‌ಬುಕ್ ಇಲ್ಲ, ಎಷ್ಟು ಉಳಿದಿದೆ ಎಂದು ಯಾರಿಗೂ ಕಾಣುವುದಿಲ್ಲ. ನಮ್ಮಲ್ಲಿ ಥಕಬಾಕಿಯ ಪಟ್ಟಿಯನ್ನು ವಾರ್ಷಿಕ ಸಭೆಯಲ್ಲಿ ಓದುತ್ತಾರೆ. ಕಡಲಿನ ಥಕಬಾಕಿಯನ್ನು ಖಾಲಿ ಬಲೆಯೇ ಓದಿ ಹೇಳುತ್ತದೆ, ಆಗ ಹೊತ್ತು ಮೀರಿರುತ್ತದೆ.

‘ನಾ ಒಬ್ಬ ಕಟ್ಟದಿದ್ದರ ಸಂಘ ಮುಳುಗತೈತೇನು?’ ಎಂದು ಕೇಳುವ ಸಾಲಗಾರನ ಮಾತಿಗೂ, ಇನ್ನೊಂದು ತಾಸು ನಿಲ್ಲಿಸಿ ಎಂದ ನನ್ನ ಮಾತಿಗೂ ಏನೂ ಫರಕಿಲ್ಲ. ಶೇರು ಹಣ ತುಂಬಿದ ಮಾತ್ರಕ್ಕೆ ಸಂಘದ ತಿಜೋರಿ ನಮ್ಮ ಒಬ್ಬರದಾಗುವುದಿಲ್ಲ. ಆ ಯಜಮಾನರು ಅಂದು ಮಾಡಿದ್ದು ಇಷ್ಟೇ: ನಾಳೆ ಬರುವವರ ಪಾಲನ್ನು ಕಲ್ಲಿನ ಮೇಲೆ ಬಿಟ್ಟು ಬಂದರು. ಇಪ್ಪತ್ತೈದು ವರ್ಷ ನಮ್ಮ ಸಂಘ ಉಳಿದು ಬಂದದ್ದೂ ಹಿಂದಿನ ಸಂಚಾಲಕರು, ಹಿರಿಯ ಸಭಾಸದರು ಹಾಗೆ ಬಿಟ್ಟು ಬಂದದ್ದರಿಂದಲೇ. ಸುವರ್ಣ ಮಹೋತ್ಸವದ ಸಂಚಿಕೆ ಬರೆಯುವ ಮಕ್ಕಳಿಗೂ ಅಸಲು ಹಾಗೆಯೇ ಸಿಗಲಿ ಎಂದು ಹಾರೈಸುತ್ತೇನೆ.