ಬೆಳಕಿನ ಚುಕ್ಕಿಗಳು, ಕಾಂತದ ಅಲೆಗಳು



1980ರ ಫೆಬ್ರವರಿ 16ರ ಮಧ್ಯಾಹ್ನದ ನೆನಪು ಇದೆಯೇ ಎಂದು ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ. ಅಂದು ಉತ್ತರ ಕರ್ನಾಟಕದ ಮೇಲೆ ಪೂರ್ಣ ಸೂರ್ಯಗ್ರಹಣ ಹಾದುಹೋಯಿತು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳು ಆ ಹಾದಿಯಿಂದ ಸ್ವಲ್ಪ ದಕ್ಷಿಣಕ್ಕಿದ್ದುದರಿಂದ ಇಲ್ಲಿ ಸೂರ್ಯ ಪೂರ್ತಿ ಮುಚ್ಚಲಿಲ್ಲ. ನಾಡಿನಲ್ಲಿ ಎಷ್ಟೋ ಜನ ಬಾಗಿಲು ಹಾಕಿಕೊಂಡು ಮನೆಯೊಳಗೇ ಕುಳಿತಿದ್ದಾಗ, ವಿಜ್ಞಾನಿಗಳು ಗ್ರಹಣದ ಹಾದಿಯಲ್ಲಿ ಬಿಡಾರ ಹೂಡಿ ಸೂರ್ಯನ ಸುತ್ತಲಿನ ಬೆಳ್ಳನೆಯ ಪ್ರಭಾವಲಯವನ್ನು, ಅಂದರೆ ಕರೋನಾವನ್ನು, ನೋಡುತ್ತಿದ್ದರು.

ಅವರನ್ನು ಅಲ್ಲಿಗೆ ಎಳೆದು ತಂದ ಪ್ರಶ್ನೆಗಳಲ್ಲಿ ಒಂದು ಬಹಳ ಹಳೆಯದು. 1869ರ ಗ್ರಹಣದಲ್ಲಿ ಕರೋನಾದ ಬೆಳಕಿನಲ್ಲಿ ಗುರುತು ಸಿಗದ ಒಂದು ಹಸಿರು ಗೆರೆ ಕಂಡಿತ್ತು. ಅದು 13 ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಕಬ್ಬಿಣದ್ದೆಂದು ಸ್ವೀಡನ್ನಿನ ಬೆಂಗ್ಟ್ ಎಡ್ಲೆನ್ 1940ರ ದಶಕದ ಆರಂಭದಲ್ಲಿ ತೋರಿಸಿದರು. ಕಬ್ಬಿಣಕ್ಕೆ ಆ ಗತಿ ಬರಬೇಕಾದರೆ ಅಲ್ಲಿ ಹತ್ತು ಲಕ್ಷ ಡಿಗ್ರಿಗೂ ಹೆಚ್ಚು ಶಾಖ ಬೇಕು. ಸೂರ್ಯನ ಮೇಲ್ಮೈಯಲ್ಲಿರುವುದು ಸುಮಾರು 5,500 ಡಿಗ್ರಿ ಮಾತ್ರ! ಒಲೆಯಿಂದ ದೂರ ಸರಿದಷ್ಟೂ ಕಾವು ಏರುವುದುಂಟೇ?

1942ರಲ್ಲಿ ಅದೇ ದೇಶದ ಹಾನೆಸ್ ಆಲ್ಫ್‌ವೆನ್, ಕಾಂತಕ್ಷೇತ್ರದ ರೇಖೆಗಳ ಗುಂಟ ಅಲೆಗಳು ಸಾಗಬಲ್ಲವೆಂದು ಬರೆದರು. ಬಾವಿಯ ಹಗ್ಗವನ್ನು ಬುಡದಲ್ಲಿ ತಿರುಚಿದರೆ ಆ ತಿರುಚು ತುದಿಯವರೆಗೂ ಹೋಗುವುದಿಲ್ಲವೇ? ಹಾಗೆಯೇ ಇದು. ಅವರಿಗೆ 1970ರಲ್ಲಿ ನೊಬೆಲ್ ಬಹುಮಾನ ಬಂದಿತು. ಸೂರ್ಯನ ಮೇಲ್ಮೈಯ ಶಕ್ತಿಯನ್ನು ಕರೋನಾಕ್ಕೆ ಹೊತ್ತೊಯ್ಯುವುದು ಇಂಥ ಅಲೆಗಳೇ ಇರಬಹುದೆಂಬ ಊಹೆ ಬೆಳೆಯಿತು. ಆದರೆ ಸೂರ್ಯನಲ್ಲಿ ಆ ಹಗ್ಗ ಎಲ್ಲಿದೆ?

ಉತ್ತರಕ್ಕಾಗಿ ಅತಿ ಸಣ್ಣ ಬೆಳಕಿನ ಚುಕ್ಕಿಗಳನ್ನು ನೋಡಬೇಕಾಯಿತು. ಒಂದೊಂದರ ಅಗಲ ಸುಮಾರು 200 ಕಿಲೋಮೀಟರ್. ಸೂರ್ಯ ಇರುವುದು 15 ಕೋಟಿ ಕಿಲೋಮೀಟರ್ ದೂರದಲ್ಲಿ. ದುರ್ಗದ ಕೋಟೆಯ ಮೇಲೆ ನಿಂತು ಏಳು ಕಿಲೋಮೀಟರ್ ಆಚೆಯ ಹೊಲದಲ್ಲಿ ಬಿದ್ದ ಒಂದು ಶೇಂಗಾ ಬೀಜವನ್ನು ಹುಡುಕಿದಂತೆ! ಈ ಚುಕ್ಕಿಗಳಲ್ಲಿ ಕಾಂತಕ್ಷೇತ್ರ ಭೂಮಿಯದಕ್ಕಿಂತ ಸಾವಿರಾರು ಪಟ್ಟು ಬಲವಾಗಿದೆ. ಅದು ಅನಿಲವನ್ನು ಬದಿಗೊತ್ತುವುದರಿಂದ ಒಳಗಿನ ಹೆಚ್ಚು ಬಿಸಿಯಾದ ಪದರ ಕಾಣುತ್ತದೆ. ಆದ್ದರಿಂದಲೇ ಆ ಹೊಳಪು.

ಈ ಹುಡುಕಾಟದಲ್ಲಿ ನಮ್ಮವರ ಪಾಲೂ ಇದೆ. 1899ರಲ್ಲಿ ಆರಂಭವಾದ ಕೊಡೈಕೆನಾಲ್ ವೀಕ್ಷಣಾಲಯದಲ್ಲಿ 20ನೇ ಶತಮಾನದ ಮೊದಲ ದಶಕದಿಂದಲೇ ಕ್ಯಾಲ್ಸಿಯಂ ಬೆಳಕಿನಲ್ಲಿ ಸೂರ್ಯನ ಚಿತ್ರ ತೆಗೆಯುವ ಕೆಲಸ ನಡೆದುಬಂದಿತು. ಈಗ ಅದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದೆ. ಆ ಸಂಸ್ಥೆಯ ಕೆ. ಆರ್. ಶಿವರಾಮನ್ 1982ರಲ್ಲಿ ಅಮೆರಿಕದ ವಿಲಿಯಂ ಲಿವಿಂಗ್‌ಸ್ಟನ್ ಅವರೊಡನೆ, ಕ್ಯಾಲ್ಸಿಯಂ ಬೆಳಕಿನ ಚುಕ್ಕಿಗಳಿಗೂ ಕೆಳಗಿನ ಸಣ್ಣ ಕಾಂತಕ್ಷೇತ್ರಗಳಿಗೂ ಇರುವ ನಂಟನ್ನು ತೋರಿಸಿದರು. ಅದೇ ಸಂಸ್ಥೆಯ ಸಿರಾಜ್ ಹಸನ್ 1999ರಲ್ಲಿ ವುಲ್ಫ್‌ಗ್ಯಾಂಗ್ ಕಾಲ್ಕೋಫೆನ್ ಅವರೊಡನೆ, ಕುದಿಯುವ ಅನಿಲ ಬಡಿದಾಗ ಈ ಕಾಂತದ ಕೊಳವೆಗಳಲ್ಲಿ ಅಲೆ ಹೇಗೆ ಏಳುತ್ತದೆಂದು ಲೆಕ್ಕಹಾಕಿದರು.

2009ರಲ್ಲಿ ಲಾ ಪಾಲ್ಮಾ ದ್ವೀಪದ ಸ್ವೀಡಿಷ್ ದೂರದರ್ಶಕದಿಂದ ನೋಡಿದ ಡೇವಿಡ್ ಜೆಸ್ ಮತ್ತು ಸಂಗಡಿಗರು, ಇಂಥ ಚುಕ್ಕಿಗಳ ಗುಂಪೊಂದರ ಮೇಲೆ ತಿರುಚುವ ಅಲೆಗಳನ್ನು ಕಂಡೆವೆಂದು ವರದಿ ಮಾಡಿದರು. ಕೊಳವೆ ತಿರುಚಿದಾಗ ಅದರ ಒಂದು ಬದಿ ನಮ್ಮತ್ತ ಬರುತ್ತದೆ, ಇನ್ನೊಂದು ಬದಿ ದೂರ ಸರಿಯುತ್ತದೆ. ಆಗ ಬೆಳಕಿನ ಗೆರೆ ಅಗಲವಾಗುತ್ತದೆ. ಆ ಅಗಲ ಎರಡರಿಂದ ಹನ್ನೆರಡು ನಿಮಿಷಗಳಿಗೊಮ್ಮೆ ಹೆಚ್ಚಿ ಕುಗ್ಗುತ್ತಿತ್ತು.

ಹಾಗಾದರೆ ಒಗಟು ಬಿಡಿಸಿತೇ? ಪೂರ್ತಿ ಇಲ್ಲ. ಅಲೆಗಳ ಶಕ್ತಿ ಎಲ್ಲಿ, ಹೇಗೆ ಶಾಖವಾಗುತ್ತದೆ, ಪುಟ್ಟ ಸ್ಫೋಟಗಳ ಪಾಲೆಷ್ಟು ಎಂಬ ಚರ್ಚೆ ಮುಂದುವರಿದಿದೆ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ನೌಕೆಯಲ್ಲಿ ಕರೋನಾವನ್ನು ನೋಡುವ ಉಪಕರಣವಿದೆ. ಅದು ಸಿದ್ಧವಾದದ್ದು ನಮ್ಮ ಹೊಸಕೋಟೆಯಲ್ಲಿ. ಅದಕ್ಕೆ ಗ್ರಹಣ ಬರಲೆಂದು ಕಾಯಬೇಕಾಗಿಲ್ಲ.

ಬರಿಗಣ್ಣಿನಿಂದ ಸೂರ್ಯನನ್ನು ಎಂದೂ ನೋಡಬೇಡಿ. ಆದರೆ ಬಾಗಿಲು ಹಾಕಿಕೊಂಡು ಕುಳಿತುಕೊಳ್ಳಲೂ ಬೇಡಿ. 1869ರ ಆ ಹಸಿರು ಗೆರೆ ಎತ್ತಿದ ಪ್ರಶ್ನೆಗೆ ಪೂರ್ಣ ಉತ್ತರ ಕೊಡುವ ಕೆಲಸ ಇನ್ನೂ ಉಳಿದಿದೆ. ನಿಮ್ಮಲ್ಲಿ ಯಾರಾದರೂ ಅದನ್ನು ಕೈಗೆತ್ತಿಕೊಳ್ಳಬಹುದು.