ಮೂರು ಗಣಗಳ ಗರಿಷ್ಠ–ಕನಿಷ್ಠ ಸಮಸ್ಯೆಗಳು

ಒಂದನ್ನೊಂದು ಛೇದಿಸುವ ಮೂರು ಗಣಗಳ ಗಾತ್ರವಷ್ಟೇ ಗೊತ್ತಿದ್ದಾಗ, ಮೂರಕ್ಕೂ ಸೇರಿದ ಗಣಾಂಶಗಳು ಹೆಚ್ಚೆಂದರೆ ಎಷ್ಟು, ಕಡಿಮೆಯೆಂದರೆ ಎಷ್ಟು ಎಂದು ಕಂಡುಹಿಡಿಯುವ ಲೆಕ್ಕಗಳು. ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಇವು ಪರಿಚಿತ.

100 ಮಂದಿಯಲ್ಲಿ 70 ಮಂದಿ ಕ್ರಿಕೆಟ್, 75 ಮಂದಿ ಕಬಡ್ಡಿ, 80 ಮಂದಿ ಖೋಖೋ ಆಡುತ್ತಾರೆ ಎನ್ನೋಣ. ಕನಿಷ್ಠ ತಿಳಿಯಲು ಆಡದವರನ್ನು ಎಣಿಸುವುದೇ ಸಲೀಸು: 30, 25, 20. ಇವರೆಲ್ಲ ಬೇರೆಬೇರೆ ಮಂದಿಯೇ ಆದರೂ ಒಟ್ಟು 75 ದಾಟದು. ಹಾಗಾಗಿ ಮೂರೂ ಆಡುವವರು 25ಕ್ಕಿಂತ ಕಡಿಮೆ ಇರಲಾರರು. ಗರಿಷ್ಠವೆಂದರೆ ಅತಿ ಚಿಕ್ಕ ಗಣದ ಗಾತ್ರ, 70.

‘ಪ್ರತಿಯೊಬ್ಬರೂ ಒಂದಾದರೂ ಆಟ ಆಡುತ್ತಾರೆ’ ಎಂಬ ಷರತ್ತು ಸೇರಿದರೆ ಈ 70 ನಿಲ್ಲದು. ವಿದ್ಯಾರ್ಥಿಗಳು ಎಡವುವುದು ಹೆಚ್ಚಾಗಿ ಇಲ್ಲೇ. ಮೂರು ಗಾತ್ರಗಳ ಮೊತ್ತ 225. ತಲೆಗೊಂದರಂತೆ 100 ಕಳೆದರೆ 125 ಉಳಿಯುತ್ತದೆ. ಎರಡು ಆಟ ಆಡುವವರ ಪಾಲು ಇದರಲ್ಲಿ ತಲಾ 1, ಮೂರು ಆಡುವವರದು ತಲಾ 2. ಆದ್ದರಿಂದ ಗರಿಷ್ಠ 62. ಮಿಕ್ಕ 1 ಎರಡೇ ಆಟ ಆಡುವ ಒಬ್ಬರದು. ಕನಿಷ್ಠ ಮಾತ್ರ 25 ಆಗಿಯೇ ಉಳಿಯುತ್ತದೆ.

ಲೂಯಿಸ್ ಕ್ಯಾರಲ್ 1885ರ ‘ಎ ಟ್ಯಾಂಗಲ್ಡ್ ಟೇಲ್’ನಲ್ಲಿ ಇಂಥದ್ದೇ ಲೆಕ್ಕ ಕೊಟ್ಟಿದ್ದಾನೆ: ಮಾಜಿ ಸೈನಿಕರಲ್ಲಿ ಶೇ. 70 ಮಂದಿ ಕಣ್ಣು, 75 ಕಿವಿ, 80 ತೋಳು, 85 ಕಾಲು ಕಳೆದುಕೊಂಡಿದ್ದರೆ ನಾಲ್ಕನ್ನೂ ಕಳೆದುಕೊಂಡವರು ಕನಿಷ್ಠ ಎಷ್ಟು? ಉತ್ತರ ಶೇ. 10.